ವರ್ಷ ತುಂಬದ ಯುಗ

ಅವರು ತೀರಿಕೊಂಡ ಸುದ್ದಿ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಫಾರ್ಮಸಿಯ ಕೌಂಟರಿನ ಹಿಂದೆ ಮಾತ್ರೆ ತುಂಬಿಸುತ್ತಿದ್ದೆ. 'ನಮ್ಮ ಜಪಾನ್ ಆಂಟಿ ನೋ ಮೋರ್' ಎಂದು ಯಾರೋ ಹಾಕಿದ್ದರು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಸಂಜೆಯೊಳಗೆ ಕಾರ್ಯದರ್ಶಿಯ ಫೋನೂ ಬಂತು. "ಗ್ರೂಪ್‌ನಲ್ಲಿ ಹಾಕೋಕೆ ಅವರ ಬಗ್ಗೆ ನಾಲ್ಕು ಲೈನ್ ಬರ್ಕೊಡಿ ಮೇಡಂ. ನೀವೇ ಅಲ್ವಾ ಅವರಿಗೆ ಕ್ಲೋಸ್?" ನಾನು ಹೂಂ ಎಂದೆ. 'ಸದಾ ಹಸನ್ಮುಖಿ, ಸರಳಜೀವಿ, ಎಲ್ಲರಿಗೂ ಬೇಕಾದವರು' ಎಂದು ಬರೆದುಕೊಟ್ಟೆ. ಎಲ್ಲರೂ ಮೆಚ್ಚಿಕೊಂಡರು.

ಅವರು ಹಸನ್ಮುಖಿಯಾಗಿರಲೇ ಇಲ್ಲ. ಯಾರ ಮನೆಗೆ ಊಟಕ್ಕೆ ಕರೆದರೂ ಮೊದಲ ತುತ್ತಿಗೇ "ಉಪ್ಪು ಕಡಿಮಿ ಆಗ್ಯದ" ಎನ್ನುವವರು ಎಲ್ಲರಿಗೂ ಹೇಗೆ ತಾನೇ ಬೇಕಾಗುತ್ತಾರೆ? ಇನ್ನು ನಾನು ಅವರಿಗೆ ಕ್ಲೋಸ್ ಎಂಬುದು ಹಳೆಯ ಮಾತು. ಕಡೆಗಾಲದಲ್ಲಿ ಅವರು ಫೋನ್ ಮಾಡಿದರೆ ನಾನು ತೆಗೆಯುತ್ತಿರಲಿಲ್ಲ. ಇದು ಸಂಘದಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವಲ್ಲ ಎಂದು ಆ ಫೋನಿನ ಹೊತ್ತಿನಲ್ಲೂ ನನಗೆ ಸಮಾಧಾನವೇ ಆಯಿತು ಎಂಬುದನ್ನು ನೆನೆದರೆ ಈಗ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಧಾರವಾಡದವರು. ಮದುವೆ ಮಾಡಿಕೊಳ್ಳಲಿಲ್ಲ. ನ್ಯೂಜೆರ್ಸಿಯ ಒಂದು ಕಾಲೇಜಿನಲ್ಲಿ ಜಪಾನಿನ ಇತಿಹಾಸ ಕಲಿಸುತ್ತಿದ್ದರು. ಕಾಯಂ ಕೆಲಸವಲ್ಲ, ಸೆಮಿಸ್ಟರಿಗೆ ಇಷ್ಟು ಎಂದು ಕೊಡುವ ಕೆಲಸ. ಹ್ಯಾರಿಸನ್ನಿನಲ್ಲಿ ರೈಲು ಸ್ಟೇಷನ್ನಿನ ಹತ್ತಿರದ ಹೊಸ ಕಟ್ಟಡವೊಂದರಲ್ಲಿ ಒಂದು ಕೋಣೆಯ ಮನೆ. ಡ್ರೈವಿಂಗ್ ಬರುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ ಡ್ರೈವಿಂಗ್ ಬಾರದವರೆಂದರೆ ಕಂಡವರ ಮರ್ಜಿಯಲ್ಲಿ ಬದುಕುವವರು. ಆದರೆ ಇವರನ್ನು ಕೂರಿಸಿಕೊಂಡು ಹೋಗುವವರೇ ಇವರ ಮರ್ಜಿ ಕಾಯಬೇಕಿತ್ತು. ಇಳಕಲ್ ಸೀರೆ, ಮೊಣಕಾಲು ದಾಟುವ ಚಳಿಕೋಟು, ಬಿಳಿ ಸ್ನೀಕರ್ಸು. ಕಾರು ಹತ್ತಿ ಬೆಲ್ಟ್ ಹಾಕಿಕೊಂಡ ಕೂಡಲೇ, "ಹೂಂ, ಈಗ ನಡೀಲಿ" ಎನ್ನುವರು, ಟಾಂಗಾದವನಿಗೆ ಹೇಳಿದ ಹಾಗೆ.

ಅವರ ಓದೆಲ್ಲ ಒಂದೇ ಒಂದು ಯುಗದ ಮೇಲೆ. ನಮ್ಮಲ್ಲಿ ಪ್ರಭವ, ವಿಭವ ಎಂದು ಸಂವತ್ಸರಗಳಿಗೆ ಹೆಸರಿದೆಯಲ್ಲ, ಹಾಗೆಯೇ ಜಪಾನಿನಲ್ಲಿ ಕಾಲಕ್ಕೆ ಹೆಸರಿಡುತ್ತಾರೆ. ವ್ಯತ್ಯಾಸ ಇಷ್ಟೆ: ನಮ್ಮವು ಮೊದಲೇ ಗೊತ್ತಾಗಿರುವ ಅರವತ್ತು ಹೆಸರು, ಸುತ್ತಿ ಸುತ್ತಿ ಬರುತ್ತವೆ. ಅಲ್ಲಿ ಹಿಂದಿನ ಕಾಲದಲ್ಲಿ ಅರಮನೆಯ ಪಂಡಿತರು ಕೂತು ಹೊಸ ಹೆಸರು ಹುಡುಕುತ್ತಿದ್ದರು. ಹೊಸ ದೊರೆ ಬಂದರೆ ಹೊಸ ಹೆಸರು. ಬರಗಾಲ, ಬೆಂಕಿ, ಸಾಂಕ್ರಾಮಿಕ ಬಂದರೂ ಹಳೆಯ ಹೆಸರು ಅಪಶಕುನವೆಂದು ಕಿತ್ತುಹಾಕಿ ಇನ್ನೊಂದು. ಇವರು ಹಿಡಿದುಕೊಂಡದ್ದು ಹನ್ನೆರಡನೇ ಶತಮಾನದ 'ಯೋವಾ' ಎನ್ನುವ ಯುಗವನ್ನು. ಆ ಹೆಸರಿಗೆ ಪೋಷಣೆ, ಸಾಮರಸ್ಯ ಎಂದೆಲ್ಲ ಅರ್ಥವಂತೆ. ಆ ಹೆಸರಿಟ್ಟ ಕಾಲದಲ್ಲೇ ರಾಜಧಾನಿಯಲ್ಲಿ ಜನ ಅನ್ನವಿಲ್ಲದೆ ಬೀದಿಬೀದಿಯಲ್ಲಿ ಸತ್ತರಂತೆ. ವರ್ಷ ತುಂಬುವುದರೊಳಗೆ ಹೆಸರು ಬದಲಾಯಿಸಿಬಿಟ್ಟರು.

"ವರ್ಷಾನೂ ತುಂಬದ ಯುಗಕ್ಕೆ ಇಡೀ ಜನ್ಮ ಕೊಟ್ರಾ ಮೇಡಂ?" ಎಂದು ನಮ್ಮ ಯಜಮಾನರು ಒಮ್ಮೆ ನಕ್ಕರು.

"ಉದ್ದನ್ನ ಯುಗಕ್ಕೆಲ್ಲಾ ಮಂದಿ ಇದ್ದಾರಪ್ಪಾ. ಸಣ್ಣದಕ್ಕ ಯಾರ ಇದ್ದಾರ?" ಎಂದರು ಇವರು.

ಕಾರ್ಟೂನು ನೋಡಿ ಜಪಾನಿನ ಹುಚ್ಚು ಹತ್ತಿಸಿಕೊಂಡ ಹುಡುಗರು ಇವರ ತರಗತಿಗೆ ಬರುತ್ತಿದ್ದರು. ಖಡ್ಗ, ಯುದ್ಧ ಎಂದುಕೊಂಡು ಬಂದರೆ ಇಲ್ಲಿ ಮುದುಕರು ಕೂತು ಎರಡು ಅಕ್ಷರದ ಹೆಸರಿಗೆ ದಿನಗಟ್ಟಲೆ ಜಗಳವಾಡುವ ಪಾಠ. ಅರ್ಧ ತರಗತಿ ಎರಡನೇ ವಾರಕ್ಕೆ ಖಾಲಿ. ಉಳಿದ ಅರ್ಧಕ್ಕೆ ಮಾತ್ರ ಇವರೆಂದರೆ ಪ್ರಾಣ.

ಆ ಹೆಸರಿನ ಜಗಳವನ್ನು ಅವರು ನಮ್ಮ ಮನೆಗಳಿಗೂ ತಂದರು. ಅರಮನೆಯ ಪದ್ಧತಿ ಹೇಗೆಂದರೆ, ಒಬ್ಬ ಹೆಸರು ಮುಂದಿಡಬೇಕು, ಇನ್ನೊಬ್ಬ ಅದರಲ್ಲಿ ದೋಷ ಹುಡುಕಲೇಬೇಕು, ಮತ್ತೊಬ್ಬ ಅದರ ಪರ ವಾದಿಸಲೇಬೇಕು. ಮನಸ್ಸಿನಲ್ಲಿದ್ದುದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಪಕ್ಕದ ಬೀದಿಯ ದಂಪತಿಗೆ ಹೆಣ್ಣುಮಗು ಆದಾಗ ನಾಮಕರಣದ ಹಿಂದಿನ ಶನಿವಾರ ಇವರು ಅದೇ ಆಟ ಹೂಡಿದರು. ಮಗುವಿನ ಅಪ್ಪ ಲ್ಯಾಪ್‌ಟಾಪ್ ತೆರೆದು ಮೂರು ಹೆಸರು ಓದಿದ. ಮೂರೂ ಶಾಂಪೂ ಹೆಸರಿನಂತಿದ್ದವು. ಮೈಸೂರಿನಿಂದ ಬಂದಿದ್ದ ಅವನ ತಾಯಿ, ಮಗುವಿನ ಅಜ್ಜಿ, ಬಾಣಂತಿಯ ಊಟ ನೋಡಿಕೊಂಡು ಅಡಿಗೆಮನೆಯಲ್ಲಿದ್ದರು. ಇವರು ಅಲ್ಲಿಗೇ ಹೋಗಿ ಕೈ ಹಿಡಿದು ಕರೆತಂದು, "ಇವರ ಆಕ್ಷೇಪಣೆ ಆಗೂ ತನಕ ಸಭಾ ಮುಗಿಯೂದಿಲ್ಲ" ಎಂದು ಸೋಫಾದಲ್ಲಿ ಕೂರಿಸಿದರು. ಅಜ್ಜಿ ಸೆರಗು ತಿರುಚುತ್ತಾ, "ನಮ್ಮಮ್ಮನ ಹೆಸರು ಶಾರದಾ ಅಂತ ಇತ್ತು" ಎಂದರು. ಅಷ್ಟೇ. ಮಗ ಲ್ಯಾಪ್‌ಟಾಪ್ ಮುಚ್ಚಿದ. ಆ ಮಗು ಈಗ ಶಾರದಾ, ಶಾಲೆಯಲ್ಲಿ ಶ್ಯಾರ್ಡಾ.

ನಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿ ಪೆಟ್ಟಿಗೆಗಳೆಲ್ಲ ತೇಲಿದ ವರ್ಷ ಅವರು ಮೆಟ್ಟಿಲ ಮೇಲೆ ನಿಂತು, "ಈ ಯುಗದ ಹೆಸರು ಬರೋಬರಿ ಇಲ್ಲ, ಲಗೂನ ಬದಲಿ ಮಾಡ್ರಿ" ಎಂದಿದ್ದರು. ಬಕೆಟ್ಟು ಹಿಡಿದಿದ್ದ ನಮ್ಮವರು ಸಿಟ್ಟಿನಲ್ಲೂ ನಕ್ಕುಬಿಟ್ಟರು. ನನ್ನನ್ನು ತಂಗಿ ಎನ್ನುತ್ತಿದ್ದರು. ನಾನು ಸೌತ್ ಆಂಬಾಯ್ ಸ್ಟೇಷನ್ನಿನಿಂದ ಅವರನ್ನು ಕರೆತಂದು ಓಲ್ಡ್ ಬ್ರಿಡ್ಜಿನ ನಮ್ಮ ಮನೆಯಲ್ಲಿ ಕೂರಿಸಿ, ಬೈಸಿಕೊಂಡು, ಮತ್ತೆ ರೈಲಿಗೆ ಬಿಟ್ಟು ಬರುವ ಶನಿವಾರಗಳು ಎಷ್ಟೋ. ಅಕ್ಕತಂಗಿಯರಿಲ್ಲದ ನನಗೆ ಬೈಯುವವರು ಒಬ್ಬರಿದ್ದದ್ದು ಇಷ್ಟವಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ನನ್ನ ಮಗಳ ವಿಷಯ ಬಿಟ್ಟು ಅವರ ಬಗ್ಗೆ ಬರೆದರೆ ಆ 'ಹಸನ್ಮುಖಿ'ಯಂಥದೇ ಇನ್ನೊಂದು ಸುಳ್ಳಾಗುತ್ತದೆ.

ಅನುಷಾಳ ಮದುವೆಯನ್ನು ನಾವು ಊರಿಗೆಲ್ಲ ಹೇಳಿಕೊಂಡು ಮಾಡಿದೆವು. ಹೋಟೆಲಿನ ಹಾಲ್, ಮಂಟಪ, ಹುಡುಗನಿಗೆ ಪೇಟ, ಸಂಘದ ಅಷ್ಟೂ ಮನೆಯವರು. ವರ್ಷ ತುಂಬಲಿಲ್ಲ; ಮಗಳು ಎರಡು ಸೂಟ್‌ಕೇಸಿನೊಡನೆ ವಾಪಸು ಬಂದಳು. ಹೊಡೆತ ಬಡಿತ ಏನಿಲ್ಲ. "ವಿ ವರ್ ನಾಟ್ ಕೈಂಡ್ ಟು ಈಚ್ ಅದರ್, ಅಮ್ಮ" ಎಂದಳು, ಅಷ್ಟೆ. ನನಗೋ ಅದು ಹೊಡೆತಕ್ಕಿಂತ ಕಷ್ಟವಾಯಿತು. ಹೊಡೆದಿದ್ದರೆ ಜನಕ್ಕೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು. ಹೀಗೆ ಯೋಚಿಸಿದ ತಾಯಿ ನಾನು.

ವಿಚ್ಛೇದನವಾಯಿತು. ನಾವು ಗಂಡಹೆಂಡತಿ ಕೂತು ಏನೂ ತೀರ್ಮಾನ ಮಾಡಲಿಲ್ಲ. ಆದರೂ ಆ ವರ್ಷವನ್ನು ಮನೆಯಿಂದ ತೆಗೆದುಹಾಕಿದೆವು. ಗೋಡೆಯ ಫೋಟೋ ಹೋಯಿತು. ಆಲ್ಬಂ ಅಟ್ಟಕ್ಕೆ ಹೋಯಿತು. ಮದುವೆಗೆ ಬಂದವರು ಕೇಳಿದರೆ "ಅಳಿಯ ಟ್ರಾವೆಲ್‌ನಲ್ಲಿದಾರೆ" ಎಂದೆ. ಆಮೇಲೆ ಅವರೂ ಕೇಳುವುದು ಬಿಟ್ಟರು. ಹೊಸದಾಗಿ ಪರಿಚಯವಾದವರಿಗೆ, "ಮಗಳಿಗೆ ಇನ್ನೂ ನೋಡ್ತಾ ಇದೀವಿ" ಎನ್ನಲು ಶುರುಮಾಡಿದೆ. ಅನುಷಾ ಪಕ್ಕದಲ್ಲಿದ್ದರೂ ಹಾಗೇ ಹೇಳುತ್ತಿದ್ದೆ. ಅವಳು ಫೋನ್ ನೋಡಿಕೊಳ್ಳುತ್ತಿದ್ದಳು.

ಖಾಲಿ ಗೋಡೆ ಮೊದಲು ಕಂಡದ್ದು ಇವರಿಗೆ. ಚಹಾ ಕುಡಿಯುತ್ತಾ, "ಅಲ್ಲಿದ್ದ ಫೋಟೋ ಎಲ್ಲಿ ಹೋತು?" ಎಂದರು. ನಾನು ಪೇಂಟ್ ಮಾಡಿಸಬೇಕು ಎಂದು ಏನೋ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಅನುಷಾಳ ಕಡೆ ತಿರುಗಿದರು. "ನನ್ನ ಯೋವಾ ಯುಗದ ಕಥಿ ಪೂರ್ತಿ ಹೇಳಿಲ್ಲ ನಿನಗ. ರಾಜಧಾನಿಯವರು ಆ ಹೆಸರು ಇಟ್ರು. ಆದ್ರ ಪೂರ್ವದ ಕಡೆ ದಂಡು ಕಟ್ಟಿದವರು ಅದನ್ನ ಒಪ್ಪಲೇ ಇಲ್ಲ. ಹೊಸಾ ದೊರಿ ನಮ್ಮ ದೊರಿ ಅಲ್ಲ, ಆ ಹೆಸರೂ ನಮ್ಮದಲ್ಲ ಅಂತ ಹಳೇ ಯುಗದ ವರ್ಷಾನ ಮುಂದ ಎಣಿಸಿಕೋತ ಹೋದ್ರು. ಅವರ ಕಾಗದಪತ್ರದಾಗ ಯೋವಾ ಅನ್ನೋ ಯುಗ ಹುಟ್ಟೇ ಇಲ್ಲ. ಮಂದಿ ಹುಟ್ಟಿದ್ರು, ಸತ್ರು, ಮಳಿ ಬರಲಿಲ್ಲ. ಎಲ್ಲಾ ಆತು. ಬರಿಯೋರು ಮಾತ್ರ ಇಲ್ಲ ಅಂದ್ರು."

ಅನುಷಾ ತಲೆ ಎತ್ತಿ, "ದಟ್ಸ್ ಮೀ, ಆಂಟಿ?" ಎಂದಳು.

"ನೀ ಅಲ್ಲ ಬಿಡವಾ. ನೀ ಅಲ್ಲಿದ್ದಾಕಿ. ಕಾಗದ ಬರಿಯಾಕಿ ನಿಮ್ಮಮ್ಮ."

ನಾನು ಸಕ್ಕರೆ ಡಬ್ಬಿ ಎತ್ತಿಕೊಂಡು ಒಳಗೆ ಹೋದೆ. ಸಕ್ಕರೆಯನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ನ್ಯೂಯಾರ್ಕ್ ಕಡೆಯ ಫ್ಲೋರಲ್ ಪಾರ್ಕಿನಿಂದ ಒಂದು ಸಂಬಂಧ ಬಂತು. ಹುಡುಗನ ತಾಯಿ ಇವರ ಧಾರವಾಡದ ಸಹಪಾಠಿ. ನಾನು ಸಂಘದ ಕಾರ್ಯಕ್ರಮದಲ್ಲಿ ಆಕೆಯನ್ನು ಕಂಡು ಮಾತು ಬೆಳೆಸಿದ್ದೆ. ಇವರು ನನಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಭಾಳ ಛಲೋ ಮಂದಿ. ಎಲ್ಲಾ ಹೇಳಿ ಕರಕೊಂಡ ಹೋಗು." ನಾನು ಹೇಳಲಿಲ್ಲ. ಹುಡುಗಿಯನ್ನು ನೋಡಿ ಮೆಚ್ಚಿಕೊಳ್ಳಲಿ, ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂಬುದು ನನ್ನ ಲೆಕ್ಕ. ಅನುಷಾ ಮಾತ್ರ ನಾನು ಹೇಳಿದ್ದೇನೆ ಎಂದೇ ತಿಳಿದಿದ್ದಳು. ನಾನೂ ಅವಳನ್ನು ಹಾಗೇ ತಿಳಿಯಲು ಬಿಟ್ಟಿದ್ದೆ.

ಭಾನುವಾರ ನಾವು ಹೊರಟೆವು. ನಮ್ಮವರಿಗೆ ಅವತ್ತು ಆನ್‌ಕಾಲ್ ಡ್ಯೂಟಿ ಇದ್ದುದರಿಂದ ನಾನೇ ಡ್ರೈವ್ ಮಾಡಿದೆ. ಇವರು ಹಿಂದಿನ ದಿನವೇ ಬಂದು ನಮ್ಮಲ್ಲಿ ಉಳಿದಿದ್ದರು. ಅನುಷಾ ಇನ್ನೂ ಮೇಲೆ ತಯಾರಾಗುತ್ತಿದ್ದಾಗ ಗರಾಜಿನಲ್ಲಿ ನಾನು ಅವರ ಕೈ ಹಿಡಿದು, "ಮೇಡಂ, ಅವರಿಗೆ ಇನ್ನೂ ಹೇಳಿಲ್ಲ. ದಯವಿಟ್ಟು ಆ ವಿಷಯ ಎತ್ತಬೇಡಿ" ಎಂದೆ.

ಅವರು ನನ್ನನ್ನೇ ನೋಡಿದರು. "ನಾ ಆಗಿ ಎತ್ತೂದಿಲ್ಲ, ತಂಗಿ. ಆದ್ರ ನನ್ನ ಎದುರಿಗೆ ಇಲ್ಲ ಅಂದ್ರ ಸುಮ್ನ ಕೂಡೂದು ಆಗೂದಿಲ್ಲ. ಈಗ ಹೇಳೇನಿ ನೋಡು." ಬೇಕಿದ್ದರೆ ನಾನು ಅವರನ್ನು ಸ್ಟೇಷನ್ನಿಗೆ ಬಿಟ್ಟು ಮುಂದೆ ಹೋಗಬಹುದಿತ್ತು. ಆದರೆ ಅವರಿಲ್ಲದೆ ಹೋದರೆ ಆ ಮನೆಯಲ್ಲಿ ನಮಗೆ ತೂಕ ಕಡಿಮೆ. ಕರೆದುಕೊಂಡೇ ಹೋದೆ.

ಒಳ್ಳೆಯ ಮನೆ. ಗಿರ್ಮಿಟ್ಟು, ಮಿರ್ಚಿ ಭಜಿ, ಚಹಾ. ಹುಡುಗ ಸಂಕೋಚದವನು, ಅನುಷಾಳೊಡನೆ ಯಾವುದೋ ಪಾಡ್‌ಕಾಸ್ಟ್ ಬಗ್ಗೆ ಮಾತಾಡಿ ಇಬ್ಬರೂ ನಕ್ಕರು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ನನ್ನ ಎದೆ ಹಗುರವಾಯಿತು. ಆಗ ಹುಡುಗನ ತಾಯಿ ಪ್ರೀತಿಯಿಂದಲೇ ಕೇಳಿದರು, "ಮಾಸ್ಟರ್ಸ್ ಆದಮ್ಯಾಲೆ ಒಂದ್ ವರ್ಷ ಕೆಲಸಕ್ಕ ಹೋಗಲಿಲ್ಲೇನವಾ? ಏನರ ಆರಾಮ ಇರಲಿಲ್ಲೇನು?"

ಅನುಷಾ ನನ್ನ ಕಡೆ ಒಮ್ಮೆ ನೋಡಿದಳು. ಅವಳ ಮುಖದಲ್ಲಿ ಗೊಂದಲವಿತ್ತು. "ನೋ ಆಂಟಿ, ದಟ್ ವಾಸ್ ದಿ ಇಯರ್ ಐ ವಾಸ್ ಮ್ಯಾರಿಡ್" ಎಂದಳು, ಎಲ್ಲರಿಗೂ ತಿಳಿದ ವಿಷಯವನ್ನು ನೆನಪಿಸುವ ದನಿಯಲ್ಲಿ.

ನಾನು ನಕ್ಕೆ. ಗಟ್ಟಿಯಾಗಿಯೇ ನಕ್ಕೆ. "ಅಯ್ಯೋ, ಇವಳ ಜೋಕು! ಹೀಗೇ ಏನಾದ್ರೂ ಹೇಳಿ ಹೆದರಿಸ್ತಾಳೆ" ಎಂದೆ.

ಮಗಳು ನನ್ನ ಮಾತನ್ನು ಅಲ್ಲಗಳೆಯಲಿಲ್ಲ. ಮಡಿಲಲ್ಲಿದ್ದ ತಟ್ಟೆಯನ್ನು ನೋಡುತ್ತಾ ಕೂತಳು. ಅಲ್ಲಿಗೆ ನನ್ನ ಸುಳ್ಳು ಗೆದ್ದೇಬಿಟ್ಟಿತ್ತು; ಆ ತಾಯಿಯೂ ನಗಲು ಬಾಯಿ ತೆರೆದಿದ್ದರು. ಆಗ ಇವರು ಸಭೆಯಲ್ಲಿ ಆಕ್ಷೇಪಣೆ ಎತ್ತುವವರ ಹಾಗೆ ಬಲಗೈ ಸ್ವಲ್ಪ ಮೇಲೆತ್ತಿದರು. "ನಾ ಹೋಗಿದ್ದೆ ಆ ಮದಿವಿಗೆ" ಎಂದರು. "ಉಂಡ ಬಂದೀನಿ. ಎಣ್ಣಿಗಾಯಿ ಭಾಳ ಛಲೋ ಆಗಿತ್ತು. ಅಕ್ಷತಾ ಹಾಕೀನಿ ಈ ಹುಡುಗಿ ತಲಿಮ್ಯಾಲ."

ಯಾರೂ ಜಗಳವಾಡಲಿಲ್ಲ. ಹುಡುಗನ ತಾಯಿ ಇನ್ನೊಂದು ಸುತ್ತು ಚಹಾ ಕೊಟ್ಟು, "ಬೆಲ್ಟ್ ಪಾರ್ಕ್‌ವೇದಾಗ ಟ್ರಾಫಿಕ್ ಆಗ್ತದ, ಲಗೂ ಹೊರಟ್ರ ಛಲೋ" ಎಂದರು. ಬಾಗಿಲಲ್ಲಿ ಆಕೆ ಅನುಷಾಳ ಕೆನ್ನೆ ಮುಟ್ಟಿದರು. ನನ್ನ ಕಡೆ ನೋಡಲಿಲ್ಲ. ಆ ಮನೆಯವರಿಗೆ ಅನುಷಾಳ ಹಿಂದಿನ ಮದುವೆ ಅಡ್ಡಿಯಾಗಿತ್ತೋ ನಾನು ಅಡ್ಡಿಯಾದೆನೋ ಎಂದು ಯೋಚಿಸಲು ನನಗೆ ಆಗ ಧೈರ್ಯವಿರಲಿಲ್ಲ.

ಸ್ಟೇಟನ್ ಐಲೆಂಡ್ ದಾಟುವವರೆಗೆ ನಾನು ರಸ್ತೆಯನ್ನೇ ನೋಡುತ್ತಾ ಕಾರು ಓಡಿಸಿದೆ. ಆಮೇಲೆ ನನಗೆ ತಡೆಯಲಾಗಲಿಲ್ಲ. "ನಿಮಗೇನು, ಮಗಳಿದ್ದಿದ್ರೆ ಗೊತ್ತಾಗ್ತಿತ್ತು" ಎಂದೆ.

"ಹೌದು. ನನಗಿಲ್ಲ" ಎಂದರು ಅವರು. ನೊಂದ ದನಿಯಲ್ಲಿ ಹೇಳಿದ್ದರೆ ನಾನು ಕ್ಷಮೆ ಕೇಳುತ್ತಿದ್ದೆನೇನೋ. ಊರು ಯಾವುದು ಎಂದರೆ ಧಾರವಾಡ ಎನ್ನುವ ಹಾಗೆ ಹೇಳಿದರು. ಹ್ಯಾರಿಸನ್ನಿನಲ್ಲಿ ಇಳಿಯುವಾಗ ಹಿಂದಿನ ಸೀಟಿನ ಕಿಟಕಿ ತಟ್ಟಿ, "ಬರ್ತೀನವಾ" ಎಂದು ಅನುಷಾಳಿಗೆ ಹೇಳಿ ಹೋದರು. ಅನುಷಾ ಮನೆ ತಲುಪುವತನಕ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನಿದ್ದೆ ಮಾಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಅವಳು ಜೆರ್ಸಿ ಸಿಟಿಗೆ ಮನೆ ಬದಲಾಯಿಸಿದಳು. ಅಲ್ಲಿಂದ ಹ್ಯಾರಿಸನ್ನಿಗೆ ಒಂದೇ ರೈಲು. ಭಾನುವಾರ ಅವಳು ಹೋಗುತ್ತಿದ್ದದ್ದು ಅಲ್ಲಿಗೆ, ನಮ್ಮ ಮನೆಗಲ್ಲ. ಅವರು ಅವಳಿಗೆ ರೊಟ್ಟಿ ಬಡಿಯುವುದು ಕಲಿಸಿದರಂತೆ. ಕನ್ನಡ ಮಾತಾಡದಿದ್ದರೆ ಪಲ್ಯ ಬಡಿಸುತ್ತಿರಲಿಲ್ಲವಂತೆ. ಇದೆಲ್ಲ ನನಗೆ ನಮ್ಮವರ ಮೂಲಕ ತಿಳಿಯುತ್ತಿತ್ತು. ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿಬಿಡುತ್ತೇನೆ.

ಒಂದೇ ಸಲ, ಮುಂದಿನ ಯುಗಾದಿ ಕಾರ್ಯಕ್ರಮದಲ್ಲಿ, ಅವರು ನನ್ನ ಪಕ್ಕ ಬಂದು ಕೂತರು. ನಮ್ಮ ಸಂಘದ ಯುಗಾದಿ ಪಂಚಾಂಗದ ದಿನಕ್ಕೆ ಬರುವುದಿಲ್ಲ, ಸ್ಕೂಲ್ ಆಡಿಟೋರಿಯಂ ಸಿಕ್ಕ ಶನಿವಾರಕ್ಕೆ ಬರುತ್ತದೆ. ವೇದಿಕೆಯ ಮೇಲೆ ಹೊಸ ಸಂವತ್ಸರದ ಫಲ ಓದುತ್ತಿದ್ದರು. ಆಗಲೇ ಅವರು ಬಹಳ ಇಳಿದುಹೋಗಿದ್ದರು. ಸ್ನೀಕರ್ಸಿನ ಲೇಸು ಸಡಿಲವಾಗಿ ಕಟ್ಟಿತ್ತು. ಕಾಯಿಲೆಯ ವಿಷಯ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

"ಪೂರ್ವದವರು ಕಡೀಗೆ ಒಪ್ಪಿದ್ರು, ಗೊತ್ತದ ಏನು?" ಎಂದರು, ವೇದಿಕೆಯನ್ನೇ ನೋಡುತ್ತಾ. "ರಾಜಧಾನಿ ಕೂಡ ರಾಜಿ ಆತು. ಅವತ್ತಿಂದ ಅವರ ಹೆಸರ ಇವರೂ ಬರದ್ರು. ಆದ್ರ ಅಷ್ಟೊತ್ತಿಗೆ ಯೋವಾ ಮುಗದು ಮುಂದಿನ ಯುಗ ನಡದಿತ್ತು. ಮುಂದಿಂದನ್ನ ಒಪ್ಪಿದ್ರು. ಯೋವಾನ್ನ ಮಾತ್ರ ಯಾರೂ ಹಿಂದ ಹೋಗಿ ಬರೀಲಿಲ್ಲ."

ಬೇವು ಬೆಲ್ಲದ ಲೋಟ ಬಂತು, ಇಬ್ಬರೂ ತೆಗೆದುಕೊಂಡೆವು. ಅವರನ್ನು ಅವತ್ತು ಮನೆಗೆ ಬಿಟ್ಟದ್ದು ಬೇರೆ ಯಾರೋ.

ಆಸ್ಪತ್ರೆಯಲ್ಲಿ ಕಡೆಯವರೆಗೂ ಜೊತೆಗಿದ್ದವಳು ಅನುಷಾ. ನಾನು ಹೋಗಬೇಕು ಎಂದುಕೊಂಡೆ; ಮಗಳು ಅಲ್ಲಿರುತ್ತಾಳೆ, ಅವಳ ಎದುರು ಅವರ ಕೈ ಹೇಗೆ ಹಿಡಿಯಲಿ ಎಂದು ನಾಚಿ ಉಳಿದೆ. ನಾಚಿಕೆ ಒಮ್ಮೆ ಮನೆಗೆ ಬಂದರೆ ಎಲ್ಲ ಕೆಲಸಕ್ಕೂ ಅದನ್ನೇ ಮುಂದೆ ಮಾಡುವುದು ರೂಢಿಯಾಗಿಬಿಡುತ್ತದೆ.

ಹೋದ ಶನಿವಾರ ಅವರನ್ನು ನೆನೆಯಲೆಂದು ಅವರ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಸೇರಿದ್ದೆವು. ಕಾಲೇಜಿನ ಹಳೆಯ ಹುಡುಗರು ಬಂದಿದ್ದರು. ಒಬ್ಬ ಅಮೆರಿಕನ್ ಹುಡುಗ ಯೋವಾ ಯುಗದ ಬಗ್ಗೆ ಮಾತಾಡುತ್ತಾ ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟ. ಸಂಘದವರು ಟ್ರೇಗಳಲ್ಲಿ ಪುಳಿಯೋಗರೆ, ಮೊಸರನ್ನ ತಂದಿದ್ದರು. ಅನುಷಾ ಬಂದವರಿಗೆಲ್ಲ ಬಡಿಸುತ್ತಿದ್ದಳು. ಆ ಮನೆಯ ಮಗಳು ನಿಂತ ಹಾಗೆ ನಿಂತಿದ್ದಳು. ನಾನು ಸಾಲಿನಲ್ಲಿ ನಿಂತು ತಟ್ಟೆ ಒಡ್ಡಿದೆ. ನನ್ನ ಹಿಂದೆ ಇದ್ದವರು ಎಡಿಸನ್ನಿಗೆ ಹೊಸದಾಗಿ ಬಂದ ಬೆಂಗಳೂರಿನ ಹೆಂಗಸು, ಮಾತುಗಾತಿ.

"ಇವರು ನಿಮ್ಮ ಮಗಳಾ? ಎಷ್ಟು ಲಕ್ಷಣವಾಗಿದಾರೆ. ಮದುವೆ ಆಗಿದೆಯಾ?"

ಆ ಹಾಲ್‌ನಲ್ಲಿ, ಅವರ ಫೋಟೋದ ಎದುರಿನಲ್ಲಿ, ಮಗಳು ಕೈಯಲ್ಲಿ ಸೌಟು ಹಿಡಿದು ನನ್ನನ್ನು ನೋಡುತ್ತಿರುವಾಗ, ನನ್ನ ಬಾಯಿ ತಾನಾಗಿ ಹೇಳಿತು: "ಇಲ್ಲ, ಇನ್ನೂ ನೋಡ್ತಾ ಇದೀವಿ."

ಹೇಳಿದ ಮೇಲೆ ಕೇಳಿಸಿತು ನನಗೆ. ಅನುಷಾ ಬೈಯಲಿ ಎಂದು ಕಾದೆ. ಅವಳಿಗೆ ಸಿಟ್ಟು ಬರಲಿಲ್ಲ. ನನ್ನ ತಟ್ಟೆಗೆ ಮೊಸರನ್ನ ಬಡಿಸಿ, ನನ್ನ ಭುಜದ ಮೇಲಿಂದ ಆ ಹೆಂಗಸಿನ ಕಡೆ ಬಾಗಿ, ತಾನು ಕಲಿತ ಅಷ್ಟಿಷ್ಟು ಕನ್ನಡದಲ್ಲಿ ಮೆಲ್ಲಗೆ ಹೇಳಿದಳು.

"ಆಗಿತ್ತು ಆಂಟಿ. ಬೇಜಾರು ಮಾಡ್ಕೋಬೇಡಿ. ಅಮ್ಮಂಗೆ ಅದು ಹೇಳಕ್ಕೆ ಆಗಲ್ಲ."

ಕಾಯಿಲೆಯವರ ಪರವಾಗಿ ಮನೆಯವರು ಮಾತಾಡುತ್ತಾರಲ್ಲ, ಆ ದನಿಯಲ್ಲಿ. ಆ ಹೆಂಗಸು ನನ್ನನ್ನು ಕನಿಕರದಿಂದ ನೋಡಿ, ನನಗೊಂದು ಕುರ್ಚಿ ಎಳೆದುಕೊಟ್ಟರು. ನಾನು ಕೂತುಕೊಂಡೆ.